ಏಳನೇ ಮೇಜಿನ ಸೀಗೆ

ಹತ್ತೊಂಬತ್ತು ವರ್ಷ ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಏಳನೇ ಮೇಜಿನ ಮೇಲೆ ಸೀಗೆ ಇರುತ್ತಿತ್ತು. ಮೇಜಿಗೊಂದು ಗಿಡದ ಮಾದರಿ ಇಟ್ಟಿರುತ್ತೇವೆ. ವಿದ್ಯಾರ್ಥಿಗಳು ಸಾಲಾಗಿ ಬಂದು, ಪ್ರತಿ ಮೇಜಿನ ಮುಂದೆ ಮೂರು ನಿಮಿಷ ನಿಂತು, ಅದು ಯಾವ ಗಿಡ ಎಂದು ಗುರುತಿಸಿ ಅದರ ಲಕ್ಷಣ ಬರೆಯಬೇಕು. ಗಂಟೆ ಹೊಡೆದರೆ ಮುಂದಿನ ಮೇಜು. ಗುರುತಿಸಿದ್ದಕ್ಕೆ ಒಂದು ಅಂಕ, ಲಕ್ಷಣಕ್ಕೆ ಒಂದು ಅಂಕ.

ಏಳನೇ ಮೇಜಿನ ಮೇಲೆ ಎರಡು ವಸ್ತು ಇರುತ್ತಿದ್ದವು. ಒಂದು, ಒಣಗಿಸಿ ದಪ್ಪ ಬಿಳಿ ಹಾಳೆಗೆ ಅಂಟಿಸಿದ ಕೊಂಬೆ. ಇನ್ನೊಂದು, ಗಾಜಿನ ಬಟ್ಟಲಲ್ಲಿ ಒಂದು ಹಿಡಿ ಸೀಗೆಕಾಯಿ. ಕೊಂಬೆಯನ್ನು ನಾನು ಮಧುಗಿರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಕೊರಟಗೆರೆ ಕಡೆಯ ಒಂದು ಬೆಟ್ಟದಿಂದ ನಾನೇ ಕಿತ್ತು ತಂದಿದ್ದೆ. ಕಾಯಿ ಶಿರಾದಲ್ಲಿದ್ದ ನಮ್ಮ ಅಬ್ಬಾನ ಗ್ರಂಥಿಗೆ ಅಂಗಡಿಯದು. ಅಬ್ಬಾ ಸೀಗೆ, ಅಂಟುವಾಳ, ಚಿಗರೆ ಪುಡಿ, ಇನ್ನೂ ನೂರೆಂಟು ಬೇರು ತೊಗಟೆಗಳನ್ನು ಗೋಣಿಚೀಲದಲ್ಲಿಟ್ಟು ಮಾರುತ್ತಿದ್ದರು. ನಾನು ಶಾಲೆಯಿಂದ ಬಂದು ಆ ಚೀಲಗಳ ನಡುವೆಯೇ ಕೂತು ಓದಿದವಳು. ಸೀನದೆ ಓದಿದ ದಿನ ಕಡಿಮೆ. ಹಾಗಾಗಿ ಒಣಗಿದ ಸೀಗೆಕಾಯಿಯನ್ನು ಕತ್ತಲಲ್ಲಿ ಮುಟ್ಟಿಯೂ ಹೇಳಬಲ್ಲೆ. ಆದರೆ ಅಂಗಡಿಗೆ ಬರುತ್ತಿದ್ದುದು ಕಾಯಿ ಮಾತ್ರ. ಅದು ಬಿಡುವ ಗಿಡವನ್ನು ನಾನೂ ನೋಡಿರಲಿಲ್ಲ, ಅಬ್ಬಾನೂ ನೋಡಿರಲಿಲ್ಲ.

ಆ ಮೊದಲ ವರ್ಷ ವಿದ್ಯಾರ್ಥಿಗಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋದದ್ದು ಮಳೆಗಾಲದಲ್ಲಿ. ದಾರಿ ಪಕ್ಕದ ಒಂದು ಮರವನ್ನು ಹತ್ತಿ, ಅದರ ತಲೆಯ ಮೇಲೆ ಹರಡಿಕೊಂಡು, ಆ ಕಡೆ ಇಳಿದಿದ್ದ ದೊಡ್ಡ ಪೊದೆ ಕಂಡಿತು. ಕೊಂಬೆಯ ತುಂಬ ಕೊಕ್ಕೆ ಮುಳ್ಳು. ಎಲೆ ಹುಣಸೆ ಎಲೆಗಿಂತ ಸಣ್ಣ ಸಣ್ಣ ಕಿರುಎಲೆಗಳಾಗಿ ಒಡೆದಿತ್ತು. ಪುಸ್ತಕದಲ್ಲಿ ಸೀಗೆಗೆ ಹೇಳಿದ್ದೂ ಅದೇ. ಹೂವಿರಲಿಲ್ಲ, ಕಾಯಿಯೂ ಇರಲಿಲ್ಲ. ನಾನು ಅದನ್ನು ಸೀಗೆ ಎಂದೆ. ವಿದ್ಯಾರ್ಥಿಗಳು ಬರೆದುಕೊಂಡರು. ಈ ಜಾತಿಯ ಗಿಡಗಳನ್ನು ಕಾಯಿ ನೋಡದೆ ಗುರುತಿಸಬಾರದು ಎಂದು ಅದೇ ಪುಸ್ತಕದ ಮುಂದಿನ ಪುಟದಲ್ಲಿತ್ತು. ಆ ಪುಟವನ್ನು ನಾನು ಮಾರನೇ ವರ್ಷ ಓದಿದೆ. ಅಷ್ಟರಲ್ಲಿ ಹಾಳೆಗೆ ಹೆಸರು ಬರೆದು, ಗೋಂದು ಒಣಗಿಯಾಗಿತ್ತು.

ಹತ್ತೊಂಬತ್ತು ವರ್ಷದಲ್ಲಿ ಬೇರೆ ಬೇರೆ ಊರಿನಿಂದ ಪರೀಕ್ಷಕರು ಬಂದು ಹೋದರು. ಏಳನೇ ಮೇಜಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಒಬ್ಬರು ಮಾತ್ರ ಕೊಂಬೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಊಟಕ್ಕೆ ಎಲ್ಲಿ ಹೋಗೋದು ಎಂದು ಕೇಳಿದರು.

ಹೋದ ವರ್ಷದ ಮಳೆಗಾಲದಲ್ಲಿ, ಅದೇ ಬೆಟ್ಟದ ತಪ್ಪಲಿನ ಊರಿನವರು ನನ್ನನ್ನು ಕರೆದರು. ಬೆಟ್ಟಕ್ಕೆ ಬರುವ ಜನ ನೋಡಲಿ ಎಂದು ಅವರು ಒಂದು ಔಷಧಿ ವನ ಮಾಡಿದ್ದರು. ಇದ್ದ ಗಿಡ ಬಳ್ಳಿಗಳನ್ನು ಹಾಗೇ ಉಳಿಸಿಕೊಂಡು ಸುತ್ತ ತಂತಿ ಬೇಲಿ ಹಾಕಿದ್ದರು. ಪ್ರತಿ ಗಿಡದ ಮುಂದೆ ಅದರ ಹೆಸರು, ಲಕ್ಷಣ ಬರೆದ ತಗಡಿನ ಬೋರ್ಡು ಇರಬೇಕು, ಬರೆದುಕೊಡಿ ಮೇಡಂ ಎಂದರು. ಬರೆದುಕೊಟ್ಟೆ. ಅಲ್ಲಿ ಒಂದು ಹೊಂಗೆ ಮರದ ಮೇಲೆ ಆ ಮುಳ್ಳಿನ ಪೊದೆಯೂ ಹಬ್ಬಿತ್ತು. ಅದಕ್ಕೆ ನಾನು ಬರೆದದ್ದು ಇಷ್ಟು: ‘ಸೀಗೆ. ಮರಗಳ ಮೇಲೆ ಹಬ್ಬುವ ದೊಡ್ಡ ಪೊದೆ. ಕೊಂಬೆಯಲ್ಲಿ ಕೆಳಕ್ಕೆ ಬಾಗಿದ ಕೊಕ್ಕೆ ಮುಳ್ಳು. ಎಲೆ ಎರಡು ಸಲ ಒಡೆದು ಅನೇಕ ಕಿರುಎಲೆ. ಹೂ ಉಂಡೆಯಾಕಾರ, ಕೆನೆ ಬಣ್ಣ. ಕಾಯಿ ದಪ್ಪ, ತಿರುಳುಳ್ಳದ್ದು, ಒಣಗಿದಾಗ ಸುಕ್ಕಾಗುತ್ತದೆ. ನೀರಲ್ಲಿ ಉಜ್ಜಿದರೆ ನೊರೆ ಬರುತ್ತದೆ.’

ಬೋರ್ಡು ನೆಟ್ಟ ಮೇಲೆ ಒಂದು ಭಾನುವಾರ ಅಕ್ಷರ ಸರಿಯಾಗಿದೆಯೇ ಎಂದು ನೋಡಲು ಹೋದೆ. ಪೇಂಟರು ಒಂದೂ ಕಾಗುಣಿತ ತಪ್ಪು ಮಾಡಿರಲಿಲ್ಲ. ವನದ ಗಿಡಗಳಿಗೆ ನೀರು ಹಾಕಲು ಇಟ್ಟುಕೊಂಡಿದ್ದ ಒಬ್ಬ ಅಜ್ಜಿ ಅಲ್ಲೇ ಕಳೆ ಕೀಳುತ್ತಿದ್ದರು. ಎಪ್ಪತ್ತರ ಆಸುಪಾಸು. ಹಿಂದೆಲ್ಲ ಬೆಟ್ಟದಲ್ಲಿ ಸೀಗೆ, ನೆಲ್ಲಿ, ಜೇನು ತಂದು ಮಾರಿ ಜೀವನ ಮಾಡಿದವರು. ನನ್ನನ್ನು ನೋಡಿ ಬೆನ್ನು ನೆಟ್ಟಗೆ ಮಾಡಿಕೊಂಡು ಎದ್ದರು.

“ಇದ್ರಾಗೆ ಏನ್ ಬರ್ದವ್ರೆ ಕಣಮ್ಮ? ನಂಗೆ ಓದಾಕೆ ಬರಾಕಿಲ್ಲ.”

ನಾನು ಬೋರ್ಡು ಓದಿ ಹೇಳಿದೆ. ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡರು.

“ಎಲ್ಲಾ ಸರಿಯಾಗೇ ಬರ್ದವ್ರೆ. ಗಿಡ ಮಾತ್ರ ಇದಲ್ಲ.”

“ಇದು ಸೀಗೆ ಅಲ್ವಾ?”

“ಕಾಡುಸೀಗೆ. ಇದ್ರ ಕಾಯಿ ಹಪ್ಳ ಇದ್ದಂಗಿರ್ತದೆ. ತೆಳ್ಳಗೆ, ಚಪ್ಪಟೆ. ಅದ್ರಾಗೆ ತಿರ್ಳೂ ಇಲ್ಲ, ನೊರೆನೂ ಇಲ್ಲ.”

ಪುಸ್ತಕದಲ್ಲಿ ಹೀಗಿದೆ ಅಜ್ಜಿ ಎಂದು ಶುರು ಮಾಡಿದೆ. ಅಜ್ಜಿಗೆ ಪುಸ್ತಕದ ಬಗ್ಗೆ ಏನೂ ತಕರಾರಿರಲಿಲ್ಲ. ಪೊದೆಯಿಂದ ಒಂದು ಚಿಗುರು ಕಿತ್ತು ನನ್ನ ಕೈಗೆ ಕೊಟ್ಟರು.

“ಬಾಯಿಗಾಕ್ಕೊಂಡು ಅಗಿ.”

ಅಗಿದೆ. ಹುಲ್ಲಿನ ಹಾಗಿತ್ತು, ಸ್ವಲ್ಪ ಒಗರು.

“ಹುಳಿ ಐತಾ?”

“ಇಲ್ಲ.”

“ಹುಳಿ ಇಲ್ದಿದ್ರೆ ಸೀಗೆ ಹೆಂಗಾಯ್ತದೆ? ಬಾ ನನ್ ಹಿಂದೆ.”

ಅರ್ಧ ಗಂಟೆ ಹತ್ತಿದೆವು. ನಾನು ಮೂರು ಕಡೆ ನಿಂತೆ, ಅಜ್ಜಿ ಮೂರು ಕಡೆಯೂ ನನಗಾಗಿ ಕಾದರು. ಮೇಲೆ ಒಂದು ಹಳ್ಳ. ಮಳೆಯಲ್ಲಿ ಮಾತ್ರ ನೀರು ಹರಿಯುವ ಹಳ್ಳ. ಅದರ ಎರಡೂ ದಡದ ಮರಗಳನ್ನು ಒಂದೇ ಗಿಡ ಸೇರಿಸಿ ಹೊದ್ದುಕೊಂಡಿತ್ತು. ಬುಡ ನನ್ನ ತೋಳಿಗಿಂತ ದಪ್ಪ. ನೆಲದಿಂದ ಎದ್ದು, ಒಂದು ಮರಕ್ಕೆ ಒರಗಿ, ಮುಳ್ಳು ಸಿಕ್ಕಿಸಿಕೊಂಡು ಮೇಲೇರಿತ್ತು. ಅವರೆ ಬಳ್ಳಿಯ ಹಾಗೆ ಸುತ್ತಿಕೊಳ್ಳುವುದಿಲ್ಲ, ಕುಂಬಳದ ಹಾಗೆ ನುಲಿ ಚಾಚುವುದೂ ಇಲ್ಲ. ಕೊಕ್ಕೆ ಹಾಕಿ ಹತ್ತುತ್ತದೆ. ಇದನ್ನು ಪಾಠದಲ್ಲಿ ಹತ್ತೊಂಬತ್ತು ಸಲ ಹೇಳಿದ್ದೆ.

ಹತ್ತಿರದಿಂದ ನೋಡೋಣವೆಂದು ತಲೆ ಒಳಗೆ ಹಾಕಿದೆ. ದುಪ್ಪಟ್ಟ ಸಿಕ್ಕಿಕೊಂಡಿತು. ಎಳೆದೆ. ತೋಳೂ ಸಿಕ್ಕಿಕೊಂಡಿತು. ಇನ್ನೊಂದು ಸಲ ಎಳೆದಾಗ ಕೂದಲೂ ಸೇರಿಕೊಂಡಿತು.

“ಎಳೀಬ್ಯಾಡ,” ಎಂದರು ಅಜ್ಜಿ. “ಎಳದಷ್ಟೂ ಕಚ್ಕಂತದೆ. ಅದ್ರ ಕಡಿಕೇ ಹೋಗು. ತಾನೇ ಬುಡ್ತದೆ.”

ಗಿಡದ ಕಡೆಗೇ ಒಂದು ಹೆಜ್ಜೆ ಇಟ್ಟೆ. ಬಿಟ್ಟಿತು. ಮುಳ್ಳಿನ ತುದಿ ಹಿಂದಕ್ಕೆ ಬಾಗಿರುವುದರಿಂದ ಹಾಗೆ. ಇದೂ ಪಾಠದಲ್ಲಿತ್ತು, ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಅಲ್ಲಿ ಬರೆದಿರಲಿಲ್ಲ.

ಅಜ್ಜಿ ಇದರ ಚಿಗುರನ್ನೂ ಕೊಟ್ಟರು. ಅಗಿದೆ. ಹುಣಸೆ ಚಿಗುರಿನ ಹಾಗೆ ಹುಳಿ. ಹಲ್ಲು ಜುಮ್ಮೆನ್ನುವಷ್ಟು ಹುಳಿ. ಹಸಿಮೆಣಸಿನಕಾಯಿ ಹಾಕಿ ಇದರದ್ದು ಚಟ್ನಿ ಅರೆಯುತ್ತಾರಂತೆ. ಕೊಂಬೆಯನ್ನು ಬೆರಳಲ್ಲಿ ಹಿಡಿದು ನೋಡಿದೆ. ಗುಂಡಗಿತ್ತು. ಕಂದು ಬಣ್ಣದ ಮೇಲೆ ಬಿಳಿ ಚುಕ್ಕಿ. ಮುಳ್ಳು ಎಲ್ಲೆಂದರಲ್ಲಿ ಚೆದುರಿತ್ತು. ಕೆಳಗೆ ಬಂದು ಹೊಂಗೆ ಮರದ ಮೇಲಿನ ಪೊದೆಯ ಕೊಂಬೆ ಹಿಡಿದೆ. ಅದು ಗುಂಡಗಿರಲಿಲ್ಲ. ಉದ್ದಕ್ಕೂ ಉಬ್ಬಿದ ಐದು ಏಣು ಇತ್ತು, ಮುಳ್ಳೆಲ್ಲ ಆ ಏಣಿನ ಮೇಲೇ ಸಾಲಾಗಿ ಕೂತಿತ್ತು. ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುತ್ತಿತ್ತು.

ಅಜ್ಜಿ ನನ್ನ ಮುಖ ನೋಡಿ, “ಬೋಲ್ಡು ಹಂಗೇ ಇರ್ಲಿ ಬುಡು, ಯಾರು ನೋಡ್ತಾರೆ,” ಎಂದರು. ನನಗೆ ಸಮಾಧಾನ ಹೇಳುವುದಕ್ಕೆ ಹಾಗೆಂದರು. ಸಮಾಧಾನವಾಗಲಿಲ್ಲ.

ಸೋಮವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋದೆ. ಕಪಾಟಿನಿಂದ ಹಾಳೆ ತೆಗೆದು, ಕೊಂಬೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಭೂತಗನ್ನಡಿ ಬೇಕಿರಲಿಲ್ಲ. ಒಣಗಿ ಚಪ್ಪಟೆಯಾಗಿದ್ದರೂ ಏಣು ಕಾಣುತ್ತಿತ್ತು. ಮುಳ್ಳು ಏಣಿನ ಮೇಲೆ ಸಾಲಾಗಿತ್ತು. ಪಕ್ಕದಲ್ಲಿ ಬಟ್ಟಲಲ್ಲಿದ್ದ ಕಾಯಿ ಮಾತ್ರ ನಿಜವಾದ ಸೀಗೆ. ಹತ್ತೊಂಬತ್ತು ವರ್ಷ ನಾನು ಒಂದು ಗಿಡದ ಕೊಂಬೆಗೆ ಇನ್ನೊಂದು ಗಿಡದ ಕಾಯಿ ಕೊಟ್ಟು ಒಂದೇ ಹೆಸರಿಟ್ಟಿದ್ದೆ.

ಲ್ಯಾಬಿನ ಅಟೆಂಡರು ಬಂದರು. ನನ್ನಷ್ಟೇ ವರ್ಷ ಅಲ್ಲಿದ್ದವರು, ಪ್ರತಿ ಪರೀಕ್ಷೆಗೆ ಮೊದಲು ಆ ಹಾಳೆಯ ಧೂಳು ಒರೆಸುತ್ತಿದ್ದವರು. ವಿಷಯ ಹೇಳಿದೆ.

“ಹಂಗಾರೆ ಇಷ್ಟ್ ದಿನ ನಾನು ಒರ್ಸಿದ್ದು ಯಾವ್ದು ಮೇಡಂ?”

“ಕಾಡುಸೀಗೆ.”

“ಸರಿ,” ಎಂದರು. ಬಟ್ಟೆ ತೆಗೆದುಕೊಂಡು ಅದನ್ನು ಮತ್ತೆ ಒರೆಸಿದರು.

ಪ್ರಿನ್ಸಿಪಾಲರಿಗೂ ಹೇಳಬೇಕಲ್ಲ ಎಂದು ಹೋದೆ. ಅವರು ಗಣಿತದವರು.

“ಎರಡೂ ಸೀಗೆಯೇ ತಾನೆ?” ಎಂದರು.

“ಒಂದರಲ್ಲಿ ನೊರೆ ಬರಲ್ಲ ಸರ್.”

“ಪರೀಕ್ಷೆಯಲ್ಲಿ ನೊರೆ ಬರಿಸೋಕೆ ಹೇಳ್ತೀರಾ?”

“ಇಲ್ಲ ಸರ್.”

“ಮತ್ತೆ?”

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಒಬ್ಬ ಹಳೆಯ ವಿದ್ಯಾರ್ಥಿನಿಯ ನೆನಪಾಯಿತು. ನೆನಪಾಯಿತು ಎನ್ನುವುದು ಪೂರ್ತಿ ನಿಜವಲ್ಲ. ವನದಲ್ಲಿ ಅಜ್ಜಿ ‘ಕಾಡುಸೀಗೆ’ ಎಂದಾಗಲೇ ಅವಳು ತಲೆಯೊಳಗೆ ಬಂದು ನಿಂತಿದ್ದಳು. ಒಂದು ದಿನ ಅವಳ ಕಡೆ ನೋಡದೆ ತಳ್ಳಿದೆ, ಅಷ್ಟೆ.

ಹನ್ನೊಂದು ವರ್ಷದ ಹಿಂದಿನ ಮಾತು. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆ ಕಡೆಯ ಹುಡುಗಿ, ಮಧುಗಿರಿಯ ಹಾಸ್ಟೆಲಿನಲ್ಲಿದ್ದು ನಮ್ಮಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಮಾತು ಕಡಿಮೆ. ಮಾತಾಡಿದರೆ ಅರ್ಧ ಕನ್ನಡ, ಅರ್ಧ ತೆಲುಗು. ಮೊದಲ ವರ್ಷದ ಪರೀಕ್ಷೆಯಲ್ಲಿ ಏಳನೇ ಮೇಜಿಗೆ ಅವಳು ಬರೆದದ್ದು ಎರಡೇ ವಾಕ್ಯ: ‘ಕೊಂಬೆ ಸೀಗೆಯದಲ್ಲ, ಕಾಡುಸೀಗೆಯದು. ಕಾಯಿ ಮಾತ್ರ ಸೀಗೆ.’ ನಾನು ಸೊನ್ನೆ ಕೊಟ್ಟೆ.

ಅವಳು ಬಿಡಲಿಲ್ಲ. ಮಾರನೇ ವಾರ ತರಗತಿಯಲ್ಲಿ ಎದ್ದು ನಿಂತು ಕೇಳಿದಳು. “ಮೇಡಂ, ನಮ್ಮಮ್ಮನ ತವರು ಕೊರಟಗೆರೆ ತಾವ, ಬೆಟ್ಟದ ಬುಡದಾಗೆ. ರಜದಾಗೆ ನಾನೂ ಸೀಗೆ ತರಾಕೆ ಹೋಗ್ತಿದ್ದೆ. ಅದ್ರ ಕೊಂಬೆ ಇಂಗಿರಲ್ಲ. ಇದು ಕಾಡುಸೀಗೆ.”

ಅವಳು ಇನ್ನೂ ಏನೋ ಹೇಳುವುದರಲ್ಲಿದ್ದಳು. ನಾನು ತಡೆದೆ. “ಇಲ್ಲಿ ಕಲಿಯೋದು ಬಾಟನಿ ಕಣಮ್ಮ. ಕಾಡಿನ ಮಾತನ್ನ ಕಾಡಲ್ಲೇ ಬಿಟ್ಟು ಬಾ. ಕೂರು,” ಎಂದೆ. ತರಗತಿ ನಕ್ಕಿತು. ಅವಳು, “ಆಯ್ತು ಮೇಡಂ,” ಎಂದು ಕೂತಳು.

ಸಂಜೆಗೆ ಅವಳ ಹೆಸರು ಕಾಡುಸೀಗೆ ಎಂದಾಗಿತ್ತು. ವರಾಂಡದಲ್ಲಿ ಹಾಗೇ ಕರೆಯುತ್ತಿದ್ದರು, ನನಗೂ ಕೇಳಿಸುತ್ತಿತ್ತು. ಒಂದು ದಿನ ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ಯಾರೋ ಅವಳ ಹೆಸರಿಗೆ, “ಕಾಡುಸೀಗೆ ಬಂದೈತೆ ಮೇಡಂ,” ಎಂದರು. ನಾನು ನಕ್ಕೆ. ದೊಡ್ಡದಾಗಿ ಅಲ್ಲ. ಆದರೆ ಅವಳು ನೋಡಿದಳು. ಮೂರು ವರ್ಷ ಓದಿ, ಪಾಸಾಗಿ, ಟಿ.ಸಿ. ತೆಗೆದುಕೊಂಡು ಹೋದಳು. ಅದಾದ ಮೇಲೆ ಅವಳು ತರಗತಿಯಲ್ಲಿ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ವಿಳಾಸ ಹುಡುಕುವುದು ಕಷ್ಟವಾಗಲಿಲ್ಲ. ಅವಳ ಜೊತೆ ಓದಿದ ಒಬ್ಬಳು ಈಗ ಪಾವಗಡದಲ್ಲಿ ಶಿಕ್ಷಕಿ. ಫೋನ್ ಮಾಡಿದೆ. “ಓ, ಕಾಡುಸೀಗೆನಾ ಮೇಡಂ?” ಎಂದಳು. ಆಮೇಲೆ ತಾನೇ ತಿದ್ದಿಕೊಂಡು, ಸರಿಯಾದ ಹೆಸರು ಹೇಳಿ, ಹೊಸಕೋಟೆಯಲ್ಲಿ ಗಂಡ ಹೆಂಡತಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ ಎಂದಳು.

ಫೋನ್ ನಂಬರನ್ನೂ ಕೊಟ್ಟಳು. ಅದನ್ನು ಒತ್ತಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು, ಅದಕ್ಕೇ ಒತ್ತಲಿಲ್ಲ. ಒಂದು ರಜೆಯ ದಿನ ಬೆಳಗಿನ ಬಸ್ಸಿಗೆ ಮಧುಗಿರಿಯಿಂದ ಪಾವಗಡಕ್ಕೆ ಹೋದೆ. ಅಲ್ಲಿಂದ ಹೊಸಕೋಟೆಗೆ ಇನ್ನೊಂದು ಬಸ್ಸು. ಕಡಲೆಕಾಯಿ ಗಿಡ ಗೇಣುದ್ದ ಬಂದಿತ್ತು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಹೇಳಿಕೊಂಡೆ. ಒಳ್ಳೆ ಮೂರು ವಾಕ್ಯ ಸಿದ್ಧವಾಯಿತು.

ಗಿರಣಿಯ ಸದ್ದು ಬೀದಿಯ ತಿರುವಿನಲ್ಲೇ ಕೇಳಿಸಿತು. ಒಳಗೆ ಐದಾರು ಹೆಂಗಸರು ರಾಗಿ ಡಬ್ಬ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ಯಂತ್ರದ ಹತ್ತಿರ ಅವಳು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ಹುಬ್ಬಿನ ಮೇಲೆಲ್ಲ ಹಿಟ್ಟು. ನನ್ನನ್ನು ನೋಡಿ ಒಂದು ಕ್ಷಣ ನಿಂತಳು. ಗುರುತು ಸಿಕ್ಕಿತು ಎಂದು ಗೊತ್ತಾಯಿತು.

ನಾನು ಸಿದ್ಧ ಮಾಡಿಕೊಂಡಿದ್ದ ಮೊದಲ ವಾಕ್ಯ ಹೇಳಿದೆ. ಅವಳು ಕಿವಿಗೆ ಕೈ ಇಟ್ಟಳು. ಮತ್ತೆ ಹೇಳಿದೆ. ಕೇಳಿಸಲಿಲ್ಲ. ಮೂರನೇ ಸಲ ಕೂಗಿ ಹೇಳಿದೆ, “ಅವತ್ತು ನೀನು ಬರೆದದ್ದು ಸರಿ, ನಾನು ಕೊಟ್ಟ ಸೊನ್ನೆ ತಪ್ಪು.” ಅಷ್ಟರಲ್ಲಿ ಅವಳು ಸ್ವಿಚ್ಚು ಆರಿಸಿದ್ದಳು. ನನ್ನ ಕೂಗು ಒಂದೇ ಆ ಕೋಣೆಯಲ್ಲಿ ಉಳಿಯಿತು.

ಡಬ್ಬದ ಪಕ್ಕ ಕೂತಿದ್ದ ಒಬ್ಬಾಕೆ ತೆಲುಗಿನಲ್ಲಿ, “ಎವುರು ಈಯಮ್ಮ?” ಎಂದು ನಾನು ಯಾರೆಂದು ವಿಚಾರಿಸಿದಳು.

“ಮಾ ಕಾಲೇಜ್ ಮೇಡಂ,” ಎಂದಳು ಅವಳು. ನನ್ನ ಕಡೆ ತಿರುಗಿ, “ಯಾವ ಸೊನ್ನೆ ಮೇಡಂ?” ಎಂದಳು.

“ಸೀಗೆ. ಏಳನೇ ಮೇಜು.”

ಅವಳು ತಲೆಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು. ಸ್ಟೂಲು ಎಳೆದು ನನ್ನನ್ನು ಕೂರಿಸಿದಳು. ಗಂಡ ಒಳಗಿನಿಂದ ಬಂದು ನೋಡಿ, ಟೀ ತರಲು ಹೋದ. ಕೂತ ಹೆಂಗಸರು ಯಾರೂ ಎದ್ದು ಹೋಗಲಿಲ್ಲ. ರಾಗಿ ಇನ್ನೂ ಬೀಸಬೇಕಿತ್ತಲ್ಲ.

ಅಜ್ಜಿಯ ವಿಷಯ, ಬೋರ್ಡು, ಹುಳಿ ಎಲೆ, ಏಣು, ಎಲ್ಲ ಹೇಳಿದೆ. ಅವಳು ಮಧ್ಯ ಮಾತಾಡದೆ ಕೇಳಿದಳು. ಮುಗಿದ ಮೇಲೆ ಹೇಳಿದಳು, “ಕೊಂಬೇನ ಬೆರಳಾಗೆ ಉಳ್ಳಾಡಿಸಿ ನೋಡಿ ಅಂತ ಅವತ್ತೇ ಹೇಳೋಣ ಅಂತಿದ್ದೆ ಮೇಡಂ. ನೀವು ಕೂರು ಅಂದ್ರಿ.”

“ಹೌದು.”

“ಮಾರ್ಕ್ಸ್ ನಂಗೆ ಮರ್ತೇ ಹೋಗಿತ್ತು. ಅದ್ರಿಂದ ಏನೂ ಆಗ್ಲಿಲ್ಲ. ಹೆಸ್ರು ಮಾತ್ರ ಹೋಗ್ಲಿಲ್ಲ. ಮದ್ವೇಗೆ ಬಂದ ಫ್ರೆಂಡ್ಸು ಗಿಫ್ಟಿನ ಮೇಲೂ ಅದನ್ನೇ ಬರ್ದಿದ್ರು. ನಮ್ಮತ್ತೆ ಓದಿ, ಇದೇನು ಅಂತ ಕೇಳಿದ್ರು.”

“ಏನಂದೆ?”

“ಅದೊಂದು ಗಿಡ ಅಂದೆ.”

ನನ್ನ ಉಳಿದೆರಡು ವಾಕ್ಯಗಳು ಯಾವ ಕೆಲಸಕ್ಕೂ ಬರುವಂತಿರಲಿಲ್ಲ. “ತಪ್ಪಾಯ್ತು,” ಎಂದೆ. ಅವಳು ತಲೆಯಾಡಿಸಿದಳು. ಪರವಾಗಿಲ್ಲ ಎಂದು ಹೇಳಲಿಲ್ಲ. ಟೀ ಬಂತು. ಕುಡಿದೆವು.

ಮಾತು ಬದಲಾಯಿಸಲು, ಸೀಗೆಕಾಯಿಯನ್ನೂ ಬೀಸಿಕೊಡುತ್ತೀಯಾ ಎಂದು ಕೇಳಿದೆ.

“ಇಲ್ಲ ಮೇಡಂ. ಒಂದ್ಸಲ ಬೀಸಿದ್ವಿ. ಆಮೇಲೆ ರಾಗಿ ಬೀಸ್ಕಂಡೋದೋರ ಮನೇಲೆಲ್ಲ ಮುದ್ದೆಗೆ ಹಿಟ್ಟು ಕುದಿಯೋವಾಗ ನೊರೆ ಬಂತು. ಎಂಟು ದಿನ ಬೈಸ್ಕಂಡ್ವಿ.” ಕೂತಿದ್ದ ಹೆಂಗಸರಲ್ಲಿ ಇಬ್ಬರು ಹೌದೆಂದು ತಲೆಯಾಡಿಸಿದರು. ಅವರ ಮನೆಯ ಮುದ್ದೆಯೂ ಆ ಎಂಟು ದಿನದ ಲೆಕ್ಕದಲ್ಲಿತ್ತು ಎಂದು ಕಾಣುತ್ತದೆ.

ಹೊರಡುವಾಗ ಬಾಗಿಲವರೆಗೂ ಬಂದಳು. “ಒಂದು ಮಾತು ಮೇಡಂ. ನೀವು ಇಷ್ಟು ದೂರ ಬಂದು ಹೇಳಿದ್ದು ಸಂತೋಷ. ಆದ್ರೆ ಅವತ್ತು ನೀವು ಅಂದಿದ್ದು ಕ್ಲಾಸಾಗೆ. ಇವತ್ತು ಹೇಳಿದ್ದು ಗಿರಣೀಲಿ.”

“ಕ್ಲಾಸಲ್ಲೂ ಹೇಳ್ತೀನಿ.”

“ನಾನೂ ಇರ್ಬೇಕು,” ಎಂದಳು. ಕೋಪದಿಂದ ಹೇಳಿದ್ದಲ್ಲ. ಬಸ್ಸಿನ ಸಮಯ ಹೇಳಿದ ಹಾಗೆ ಹೇಳಿದಳು.

ವಾಪಸು ಬರುವ ಬಸ್ಸಿನಲ್ಲಿ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಹೋಗುವಾಗ ಹೇಳಿ ಮುಗಿಸುತ್ತೇನೆ ಎಂದುಕೊಂಡಿದ್ದೆ, ಬರುವಾಗ ಒಂದು ತಾರೀಖು ಗೊತ್ತುಮಾಡುವ ಕೆಲಸ ಸಿಕ್ಕಿತ್ತು. ಆ ಸೆಮಿಸ್ಟರಿನ ಪರೀಕ್ಷೆಗೆ ಏಳನೇ ಮೇಜಿನ ಮೇಲೆ ತುಂಬೆ ಗಿಡ ಇಟ್ಟೆ. ಅದು ಕಾಲೇಜಿನ ಕಾಂಪೌಂಡಿನಲ್ಲೇ ಬೆಳೆದದ್ದು, ಅದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಬೋರ್ಡಿನ ವಿಷಯವನ್ನು ವನದವರಿಗೂ ತಿಳಿಸಿದೆ. ಅವರು ಬೇಜಾರು ಮಾಡಿಕೊಳ್ಳದೆ ಪೇಂಟರನ್ನು ಕರೆಸಿ ಸರಿಮಾಡಿಸಿದರು.

ಎರಡೂ ಗಿಡಗಳಲ್ಲಿ ಕಾಯಿ ಒಟ್ಟಿಗೆ ಸಿಗುವುದು ಸಂಕ್ರಾಂತಿ ಕಳೆದ ಮೇಲೆ ಎಂದು ಅಜ್ಜಿ ಹೇಳಿದ್ದರು. ಅದಕ್ಕೆ ಕಾದು ಒಂದು ಶನಿವಾರ ಮೊದಲ ವರ್ಷದ ಇಪ್ಪತ್ತೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಟ್ಟಕ್ಕೆ ಹೋದೆ. ಅವಳು ಹೊಸಕೋಟೆಯಿಂದ ಮೂರು ಬಸ್ಸು ಬದಲಾಯಿಸಿ, ನಮಗಿಂತ ಮೊದಲೇ ಬಂದು ತಪ್ಪಲಿನ ಟೀ ಅಂಗಡಿಯಲ್ಲಿ ಕೂತಿದ್ದಳು. ಅಜ್ಜಿಯೂ ಅಲ್ಲೇ ಇದ್ದರು. ಇಬ್ಬರೂ ಆಗಲೇ, ಯಾರ ತವರು ಯಾವ ಹಟ್ಟಿ ಎಂದು ವಿಚಾರಿಸಿಕೊಂಡು ಮುಗಿಸಿದ್ದರು.

ಕಾಡುಸೀಗೆಯ ಮುಂದೆ ಎಲ್ಲರನ್ನೂ ನಿಲ್ಲಿಸಿದೆ. ಕಾಯಿ ಬಂದಿತ್ತು. ತೆಳ್ಳಗೆ, ಚಪ್ಪಟೆಯಾಗಿ, ಕಂದು ಪಟ್ಟಿಯ ಹಾಗೆ ಗಾಳಿಗೆ ಸದ್ದು ಮಾಡುತ್ತಿತ್ತು. ಹಪ್ಪಳ ಎಂದು ಅಜ್ಜಿ ಹೇಳಿದ್ದು ಸರಿಯಾಗಿತ್ತು.

ನಾನು ಹೇಳಬೇಕಾದ್ದನ್ನು ಹೇಳಿದೆ. ಈ ಗಿಡವನ್ನು ಹತ್ತೊಂಬತ್ತು ವರ್ಷ ಸೀಗೆ ಎಂದು ಪಾಠ ಮಾಡಿದ್ದೇನೆ. ಒಬ್ಬ ವಿದ್ಯಾರ್ಥಿನಿ ತಪ್ಪೆಂದು ಹೇಳಿದಾಗ ಕೇಳಿಸಿಕೊಳ್ಳದೆ ತರಗತಿಯಲ್ಲಿ ಅವಳನ್ನು ಹೀಗಳೆದೆ. ನಾನು ಆಡಿದ ಮಾತಿನಿಂದ ಅವಳಿಗೆ ಒಂದು ಅಡ್ಡಹೆಸರು ಬಂತು, ಅದನ್ನು ತಡೆಯದೆ ನಕ್ಕೆ. ಅವಳು ಇವರೇ.

ವಿದ್ಯಾರ್ಥಿಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬ ಚಪ್ಪಾಳೆ ತಟ್ಟಲು ಹೋಗಿ, ಅದು ಸರಿಯಲ್ಲ ಎನಿಸಿ ಕೈ ಕೆಳಗಿಳಿಸಿದ. ಮೂರನೇ ಸಾಲಿನ ಒಬ್ಬಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು, ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದು ಅವಳಿಗೆ ಅಭ್ಯಾಸ. ಗಿರಣಿಯ ನನ್ನ ವಿದ್ಯಾರ್ಥಿನಿ ನೆಲ ನೋಡುತ್ತಿದ್ದಳು. ಕುತ್ತಿಗೆ ಕೆಂಪಾಗಿತ್ತು. ತಲೆಯೆತ್ತಿ, “ಸರಿ ಮೇಡಂ,” ಎಂದಳು. ಅವತ್ತಿನ ‘ಆಯ್ತು ಮೇಡಂ’ಗಿಂತ ಅದು ಬೇರೆಯಾಗಿ ಕೇಳಿಸಿತೋ, ನನಗೆ ಹಾಗೆ ಕೇಳಿಸಬೇಕಿತ್ತೋ ಗೊತ್ತಿಲ್ಲ.

ಆಮೇಲೆ ಪಾಠ ಅವಳೇ ಮಾಡಿದಳು. ನಾನು ಕೇಳಿಕೊಂಡಿರಲಿಲ್ಲ. ಒಂದು ಕೊಂಬೆ ಮುರಿದು, ಮುಳ್ಳು ಉಗುರಿನಲ್ಲಿ ಮುರಿದುಹಾಕಿ, ಮೊದಲ ಸಾಲಿನವನ ಕೈಗೆ ಕೊಟ್ಟಳು. “ನೋಡ್ಬ್ಯಾಡ. ಬೆರಳಾಗೆ ಉಳ್ಳಾಡ್ಸು. ಎಷ್ಟು ಏಣು?”

“ನಾಲ್ಕು.”

“ಇನ್ನೊಂದ್ಸಲ.”

“ಐದು.”

ಕೊಂಬೆ ಇಪ್ಪತ್ತೆರಡು ಕೈ ದಾಟಿತು. ಆಮೇಲೆ ಎಲ್ಲರೂ ಹಳ್ಳದವರೆಗೆ ಹತ್ತಿದೆವು. ಅಲ್ಲಿ ಸೀಗೆಕಾಯಿ ಗೊಂಚಲು ಗೊಂಚಲಾಗಿತ್ತು. ಕೆಲವು ಇನ್ನೂ ಹಸಿ, ದಪ್ಪಗೆ, ಬೀಜ ಬೀಜದ ನಡುವೆ ಒಳಕ್ಕೆ ತಗ್ಗಿದ್ದವು. ಒಣಗಿದವು ಕೆಂಪು ಮಿಶ್ರಿತ ಕಂದಾಗಿ, ಸುಕ್ಕಾಗಿ, ಅಬ್ಬಾನ ಅಂಗಡಿಯ ಚೀಲದಲ್ಲಿದ್ದಂತೆಯೇ ಇದ್ದವು. ಅವಳು ಎರಡು ಕಾಯಿ ಜಜ್ಜಿ, ಬಾಟಲಿಯ ನೀರು ಹಾಕಿ ಅಂಗೈಯಲ್ಲಿ ಉಜ್ಜಿ ನೊರೆ ತೋರಿಸಿದಳು. ಕಾಡುಸೀಗೆಯ ಕಾಯನ್ನೂ ಉಜ್ಜಿದಳು. ಕೈ ಕೊಳೆಯಾಯಿತು, ಅಷ್ಟೆ. ಇಬ್ಬರು ಹುಡುಗರು ಸೆಲ್ಫಿ ತೆಗೆದುಕೊಳ್ಳಲು ಪೊದೆಯೊಳಗೆ ಹೋಗಿ ಸಿಕ್ಕಿಕೊಂಡರು. ಅಜ್ಜಿ ಅವರನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದು ಆಮೇಲೆ ಉಪಾಯ ಹೇಳಿದರು.

ಚಿಗುರು ಅಗಿದು ಮುಖ ಕಿವುಚಿಕೊಂಡಿದ್ದ ಒಬ್ಬಳು ಕೇಳಿದಳು, “ಇದರ ಎಲೆ ಯಾಕೆ ಹುಳಿ ಮೇಡಂ? ಅದರದ್ದು ಯಾಕಿಲ್ಲ?”

ಪ್ರಶ್ನೆ ಕೇಳಿದ್ದು ನಮ್ಮಿಬ್ಬರಲ್ಲಿ ಯಾರನ್ನು ಎಂದು ಸ್ಪಷ್ಟವಿರಲಿಲ್ಲ. ಗಿರಣಿಯವಳು ನನ್ನ ಕಡೆ ನೋಡಿದಳು. ಎಲೆಯಲ್ಲಿ ಆಮ್ಲವಿದೆ ಎಂದು ಹೇಳಿ ಮುಗಿಸಬಹುದಿತ್ತು. ಅದು ಉತ್ತರವಲ್ಲ, ಅದೇ ಪ್ರಶ್ನೆಯನ್ನು ಬೇರೆ ಪದದಲ್ಲಿ ಹೇಳಿದಂತೆ.

“ನನಗೆ ಗೊತ್ತಿಲ್ಲ,” ಎಂದೆ.

“ಪರೀಕ್ಷೆಗೆ ಬರುತ್ತಾ?” ಎಂದ ಇನ್ನೊಬ್ಬ.

“ಬರಲ್ಲ.”

ಅವನು ಪೆನ್ನು ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಹಳ್ಳದ ಬಂಡೆಯ ಮೇಲೆ ಕೂತು ಚಿತ್ರಾನ್ನ ತಿಂದೆವು. ಅವಳು ಮನೆಯಿಂದ ಕಡಲೆಕಾಯಿ ಹುರಿದು ತಂದಿದ್ದಳು, ಎಲ್ಲರಿಗೂ ಹಂಚಿದಳು. ನನ್ನ ಕೈಗೂ ಒಂದು ಹಿಡಿ ಹಾಕಿ ಪಕ್ಕದಲ್ಲಿ ಕೂತಳು. ನಾವು ಹೆಚ್ಚು ಮಾತಾಡಲಿಲ್ಲ. ಗಿರಣಿಗೆ ಹೊಸ ಮೋಟಾರು ಹಾಕಿಸಿದ್ದು, ಕರೆಂಟು ಹೋಗಿ ಬಂದು ಮಾಡುವುದು, ಅವಳ ಮಗಳು ಶಾಲೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲ ಎಂದು ಟೀಚರು ದೂರು ಹೇಳಿದ್ದು, ಇಷ್ಟೆ. ದೂರಿಗೆ ನೀನೇನಂದೆ ಎಂದು ಕೇಳಿದೆ. “ಮಾತಾಡ್ಲಿ ಬಿಡಿ ಅಂದೆ,” ಎಂದಳು.

ಸಂಜೆ ಕೊರಟಗೆರೆ ಬಸ್‌ಸ್ಟಾಂಡಿನಲ್ಲಿ ಅವಳನ್ನು ಮೊದಲ ಬಸ್ಸಿಗೆ ಹತ್ತಿಸಿದೆ. ಜನ ತುಂಬಿತ್ತು, ಆದರೂ ಕಿಟಕಿ ಪಕ್ಕ ಜಾಗ ಸಿಕ್ಕಿತು. ನಾಳೆ ಭಾನುವಾರ, ಗಿರಣಿಗೆ ಜನ ಜಾಸ್ತಿ, ಬೆಳಗ್ಗೆ ಬೇಗ ಎದ್ದು ಯಂತ್ರದ ಸವೆದ ಕಲ್ಲು ಕುಟ್ಟಿ ಒರಟು ಮಾಡಬೇಕು ಎಂದಳು. ಹೋಗಿ ಬಾ ಎಂದೆ. ಕಂಡಕ್ಟರು ಸೀಟಿ ಊದಿದ.